ಕಾಫಿಗೆ ಬೆರೆಸಿದ್ದು

ಜನವರಿ ೧೨

ಅಕ್ಕಾ,

ಫೋನ್ ಮಾಡುವುದು ಬಿಟ್ಟು ಇವಳೇಕೆ ಕಾಗದ ಬರೆದಳು ಅಂದುಕೊಳ್ಳುತ್ತೀರಿ. ಮನೆಯಲ್ಲಿ ಈಗ ಇರುವುದು ಒಂದೇ ಫೋನು, ಅದೂ ಗುಂಡಿ ಒತ್ತುವ ಹಳೆಯದು. ನಿಮ್ಮ ತಮ್ಮ ಜೂಜಾಡುತ್ತಿದ್ದದ್ದು ಫೋನಿನಲ್ಲೇ ಅಲ್ಲವೇ, ಡಾಕ್ಟರು ಹೇಳಿದರೆಂದು ಇಬ್ಬರ ಫೋನನ್ನೂ ಮಾರಿಬಿಟ್ಟೆವು. ಉಳಿದದ್ದು ಸದಾ ಅವರ ಜೇಬಿನಲ್ಲಿ. ನೀವೂ ಉತ್ತರವನ್ನು ಮನೆಗೆ ಬರೆಯಬೇಡಿ. ನನ್ನ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆಯಿರಿ.

ವಿಷಯ ಏನೆಂದರೆ, ಅವರು ಮಾತ್ರೆ ನಿಲ್ಲಿಸಿದ್ದಾರೆ.

ಕಳೆದ ವರ್ಷ ಡಾಕ್ಟರು ಆ ಮಾತ್ರೆ ಬರೆದುಕೊಟ್ಟಾಗ ನನಗೆ ನಂಬಿಕೆಯೇ ಇರಲಿಲ್ಲ. ಜೂಜಿಗೆ ಮಾತ್ರೆಯೇ, ಅದೇನು ಕೆಮ್ಮೇ ಎಂದು ಕೇಳಿದ್ದೆ. ಡಾಕ್ಟರು ನಕ್ಕರು. "ಗೆದ್ದಾಗ ತಲೇಲಿ ಜುಮ್ ಅನ್ನತ್ತಲ್ಲಮ್ಮಾ, ಅದಕ್ಕೆ ಇದು ಅಡ್ಡ ನಿಲ್ಲತ್ತೆ. ರುಚಿ ಹೋದ್ರೆ ಆಸೆನೂ ನಿಧಾನಕ್ಕೆ ಹೋಗತ್ತೆ. ಎಲ್ಲರಿಗೂ ಹಿಡಿಯತ್ತೆ ಅಂತ ಹೇಳಲ್ಲ, ನೋಡೋಣ" ಎಂದರು. ಇವರಿಗೆ ಹಿಡಿಯಿತು. ಮೊದಮೊದಲು ಹೊಟ್ಟೆ ತೊಳಸುತ್ತಿತ್ತು, ಆಮೇಲೆ ಅದೂ ನಿಂತಿತು. ಒಂದು ದಿನ ಊಟಕ್ಕೆ ಕೂತವರು ತಾವಾಗಿಯೇ ಹೇಳಿದರು: "ಆಡ್ಬೇಕು ಅಂತ ಈಗ್ಲೂ ಅನ್ಸತ್ತೆ ಕಣೆ. ಆದ್ರೆ ಆ ಅನ್ನಿಸಿಕೆಗೆ ಕೈಕಾಲಿಲ್ಲ." ಅವತ್ತು ನಾನು ಅಡುಗೆಮನೆಗೆ ಹೋಗಿ ಅತ್ತೆ.

ಈಗ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುತ್ತಿದ್ದಾರೆ. ಮೊನ್ನೆ ಮಾತ್ರೆಯ ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದರು. ಡಾಕ್ಟರನ್ನು ಕೇಳಿಲ್ಲ. "ಮಾತ್ರೆ ನುಂಗಿ ಒಳ್ಳೆಯವನಾಗಿರೋದು ಒಂದು ಒಳ್ಳೆತನಾನಾ? ಹನ್ನೆರಡು ಮಹಡಿ ಲಿಫ್ಟನ್ನ ರಿಪೇರಿಗೆ ನಿಲ್ಲಿಸೋನು ನಾನು. ನನ್ನನ್ನ ನಿಲ್ಲಿಸ್ಕೊಳೋಕೆ ಆಗಲ್ವಾ?" ಅನ್ನುತ್ತಾರೆ.

ನೀವು ಇಷ್ಟು ವರ್ಷದಿಂದ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದೀರಿ. ನಿಮ್ಮ ಮಾತೆಂದರೆ ಅವರಿಗೆ ಕೊನೆಯ ಮಾತು. ಒಂದು ಸಲ ಫೋನ್ ಮಾಡಿ ಬುದ್ಧಿ ಹೇಳಿ. ನಾನು ಬರೆದೆನೆಂದು ಮಾತ್ರ ಹೇಳಬೇಡಿ.

ನಿಮ್ಮ ತಮ್ಮನ ಹೆಂಡತಿ

•

ಜನವರಿ ೨೮

ಪ್ರೀತಿಯ ಸೂಜಿ,

ಮದುವೆಯಾಗಿ ಬಂದ ವರ್ಷ ನಿನಗೆ ನಾನೇ ಇಟ್ಟ ಹೆಸರು, ಈಗ ನೀನು ಚುಚ್ಚುವುದನ್ನೇ ಮರೆತಂತಿದೆ. ಅವನಿಗೆ ನಾಲ್ಕು ಮಾತು ಆಡುವುದು ಬಿಟ್ಟು ನನಗೆ ಫೋನ್ ಮಾಡಲು ಹೇಳುತ್ತೀಯಲ್ಲ.

ಫೋನ್ ಮಾಡುವುದಿಲ್ಲ. ಮಾಡಿದರೆ ಅವನು "ಆಯ್ತಕ್ಕ, ಆಯ್ತಕ್ಕ" ಅನ್ನುತ್ತಾನೆ. ನಮ್ಮಪ್ಪನೂ ಹಾಗೇ ಅನ್ನುತ್ತಿದ್ದ. ಅವ್ವ ನನ್ನನ್ನು ಇಸ್ಪೀಟಿನ ಮನೆಗೆ ಕಳಿಸುತ್ತಿದ್ದಳು, ಅಪ್ಪನನ್ನು ಊಟಕ್ಕೆ ಕರೆದುಕೊಂಡು ಬಾ ಎಂದು. ನಾನು ಹೊಸ್ತಿಲ ಮೇಲೆ ನಿಂತು "ಅಪ್ಪಾ, ಊಟ" ಅನ್ನುತ್ತಿದ್ದೆ. "ಬಂದೆ ಮಗಳೇ" ಅನ್ನುತ್ತಿದ್ದ, ಎಲೆಯಿಂದ ಕಣ್ಣೆತ್ತದೆ. ಒಂದು ಸಲವೂ ಬರಲಿಲ್ಲ. ಅಲ್ಲಿ ಕೂತವರು ನನ್ನನ್ನು ನೋಡಿ ನಗುತ್ತಿದ್ದರು. ಆಗ ಇಂಥ ಮಾತ್ರೆ ಇದ್ದಿದ್ದರೆ ನಾನೇ ಅಪ್ಪನ ಬಾಯಿ ತೆರೆದು ತುರುಕುತ್ತಿದ್ದೆ.

ಇದರ ಜೊತೆ ಒಂದು ಪೊಟ್ಟಣ ಇದೆ. ಅದೇ ಮಾತ್ರೆ. ಹೇಗೆ ಸಿಕ್ಕಿತು ಎಂದು ಕೇಳಬೇಡ. ದಿನಕ್ಕೊಂದು ನುಣ್ಣಗೆ ಪುಡಿ ಮಾಡಿ ಬೆಳಗಿನ ಕಾಫಿಗೆ ಬೆರೆಸು. ಸ್ವಲ್ಪ ಕಹಿ ಇರುತ್ತದೆ, ಸಕ್ಕರೆ ಮುಂದೆ ಮಾಡು. ಅವನಿಗೆ ಹೇಳುವ ಅಗತ್ಯವಿಲ್ಲ. ಮಗುವಿಗೆ ಔಷಧ ಕುಡಿಸುವಾಗ ಅಪ್ಪಣೆ ಕೇಳುತ್ತೇವೆಯೇ?

ಇದರಿಂದ ಬೇರೆ ತೊಂದರೆಯೇನೂ ಇಲ್ಲ. ಅವನು ಮೊದಲೂ ತಗೊಂಡಿದ್ದಾನೆ, ಒಗ್ಗಿದೆ. ಹೆದರಬೇಡ.

ಅಕ್ಕ

•

ಫೆಬ್ರವರಿ ೨೦

ಅಕ್ಕಾ,

ಪೊಟ್ಟಣವನ್ನು ಕೆಲವು ದಿನ ಅಂಗಡಿಯಲ್ಲೇ, ಗುಂಡಿಗಳ ಡಬ್ಬದಲ್ಲಿ ಇಟ್ಟಿದ್ದೆ. ಆಮೇಲೊಂದು ಸಂಜೆ ಅವರು ಕಿಟಕಿ ಬಳಿ ನಿಂತು ಬೆರಳಿನಿಂದ ಚೌಕಟ್ಟನ್ನು ಟಕಟಕ ಬಡಿಯುತ್ತಿದ್ದರು. ಮೊದಲು ಆಟಕ್ಕೆ ಕೂರುವ ಮುಂಚೆ ಹಾಗೇ ಮಾಡುತ್ತಿದ್ದರು. ಮಾರನೆಯ ಬೆಳಿಗ್ಗೆಯಿಂದ ಶುರು ಮಾಡಿದೆ.

ಮೊದಲ ದಿನ ಒಂದು ಗುಟುಕು ಕುಡಿದು ಮುಖ ಹಿಂಡಿದರು. "ಏನೇ ಇದು, ಕಾಫಿಗೂ ನನ್ನ ಮೇಲೆ ಕೋಪಾನಾ?" ಎಂದರು. ಪುಡಿ ಬದಲಾಯಿಸಿದ್ದೇನೆ, ಇದು ಸ್ವಲ್ಪ ಗಡುಸು ಎಂದೆ. ಪಾಪ, ಕುಡಿದರು. ಈಗ ಒಗ್ಗಿದೆ. ನನ್ನ ಲೋಟವನ್ನು ಅವರ ಲೋಟದಿಂದ ದೂರ ಇಡುವುದು ನನಗೂ ಒಗ್ಗಿದೆ.

ಅವರು ಆಟದ ಸುದ್ದಿಗೆ ಹೋಗಿಲ್ಲ. ಅಷ್ಟೇ ಆಗಿದ್ದರೆ ಸಂತೋಷವಾಗಿ ಬರೆಯುತ್ತಿದ್ದೆ. ಜೂಜು ಬಿಟ್ಟವರು ವಾರಕ್ಕೊಮ್ಮೆ ಶಾಲೆಯ ಹಿಂದಿನ ಕೋಣೆಯಲ್ಲಿ ಸೇರುತ್ತಾರಲ್ಲ, ಆ ಕೂಟದಲ್ಲಿ ಈ ಗುರುವಾರ ಇವರನ್ನು ಎದ್ದು ನಿಲ್ಲಿಸಿ ಮಾತಾಡಿಸಿದರಂತೆ. ನಾನು ಯಾವ ಮಾತ್ರೆಯೂ ಇಲ್ಲದೆ ನಿಂತಿದ್ದೇನೆ, ಮನಸ್ಸು ಗಟ್ಟಿ ಮಾಡಿದರೆ ನಿಮಗೂ ಆಗುತ್ತದೆ ಎಂದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದರು. ಅವರ ಮುಖ ನೋಡಬೇಕಿತ್ತು ನೀವು.

ನಾನು ಹೌದಾ, ಹೌದಾ ಎಂದೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡಂತಾಗಿದೆ ಅಕ್ಕ. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

•

ಮಾರ್ಚ್ ೫

ಪ್ರೀತಿಯ ಸೂಜಿ,

ನುಂಗು. ಎಲ್ಲ ಮನೆಯ ಹೆಂಗಸರೂ ನುಂಗಿಯೇ ಮನೆ ನಿಂತಿರುವುದು.

ತಾನೇ ಗೆದ್ದೆನೆಂದು ಅವನು ಅಂದುಕೊಂಡರೆ ನಿನ್ನ ಗಂಟೇನು ಹೋಯಿತು? ಗಂಡಸರಿಗೆ ಗೆದ್ದೆ ಅನ್ನಿಸಿದರೆ ಸಾಕು, ಗೆಲ್ಲಿಸಿದವರು ಯಾರೆಂದು ಕೇಳುವುದಿಲ್ಲ. ಇನ್ನೊಂದು ಪೊಟ್ಟಣ ಕಳಿಸಿದ್ದೇನೆ. ನಮ್ಮಲ್ಲಿ ಔಷಧದ ಕಪಾಟಿನ ಲೆಕ್ಕ ನೋಡಲು ಹೊಸಬರೊಬ್ಬರು ಬಂದಿದ್ದಾರೆ, ಮೂಗು ಉದ್ದ. ಆದರೂ ನಾನು ಹಳೇ ಬೆಕ್ಕು.

ಅಕ್ಕ

•

ಏಪ್ರಿಲ್ ೧೮

ಅಕ್ಕಾ,

ಎಲ್ಲ ಚೆನ್ನಾಗಿದೆ. ನೀವು ಹೇಳಿದ ಹಾಗೇ ನಡೆಯುತ್ತಿದೆ. ಮತ್ತೆ ಪೊಟ್ಟಣ ಕಳಿಸಬೇಡಿ, ಇನ್ನೂ ಬೇಕಾದಷ್ಟಿದೆ.

ಅವರು ಮತ್ತೆ ಶಿಳ್ಳೆ ಹಾಕುತ್ತಿದ್ದಾರೆ. ಅಂಗಡಿಯ ಮೇಲಿನ ಕಟ್ಟಡದಲ್ಲಿ ಲಿಫ್ಟು ಕೆಟ್ಟು ರಿಪೇರಿಗೆ ಬಂದಿದ್ದರು, ಗೋಡೆಯೊಳಗಿಂದ ಶಿಳ್ಳೆ ಕೇಳಿಸಿತು. ಪ್ಯಾಂಟಿನ ಅಂಚು ಮಡಿಸಲು ಬಂದಿದ್ದ ಗಿರಾಕಿ ಹೆದರಿ, "ಏನ್ರೀ, ನಿಮ್ಮ ಗೋಡೆ ಹಾಡತ್ತೆ?" ಎಂದರು. ನನ್ನ ಯಜಮಾನರು ಎಂದೆ. ಹಾಗೆ ಹೇಳಿ ಎಷ್ಟು ದಿನವಾಗಿತ್ತು.

ಕಳೆದ ವಾರ ನನ್ನ ಕತ್ತರಿಸುವ ಮೇಜಿನ ಕುಂಟ ಕಾಲನ್ನು ಸರಿಮಾಡಿ ಕೊಟ್ಟರು.

•

ಜೂನ್ ೩

ಅಕ್ಕಾ,

ಇವತ್ತು ಬಟ್ಟೆ ಕೊಡಲು ಹೋಗಿದ್ದವಳು ದೊಡ್ಡ ರಸ್ತೆಯಿಂದ ವಾಪಸು ಬರುತ್ತಿದ್ದೆ. ಬಾಜಿ ಕಟ್ಟುವ ಅಂಗಡಿಯ ಬಾಗಿಲಲ್ಲಿ ಅವರನ್ನು ಕಂಡೆ. ಗಾಜಿನ ಬಾಗಿಲಿಗೆ ಮುಖ ಹಚ್ಚಿ ಒಳಗೆ ನೋಡುತ್ತಿದ್ದರು. ಆಮೇಲೆ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಅವರು ಹೊರಬರುವವರೆಗೆ ನಿಲ್ಲುವ ಧೈರ್ಯವಾಗಲಿಲ್ಲ.

ತಡವಾಗಿ ಮನೆಗೆ ಬಂದರು. ಯಾಕೆ ತಡ ಎಂದೆ. "ಕೆಲಸ ಇತ್ತು" ಎಂದರು. ಅಷ್ಟೇ.

ಏನು ಮಾಡಲಿ? ಕೇಳಿಬಿಡಲೇ?

•

ಜೂನ್ ೧೦

ಸೂಜಿ,

ಕೇಳಬೇಡ. ಕೇಳಿದರೆ ಸುಳ್ಳು ಹೇಳುತ್ತಾನೆ, ನೀನು ನಂಬುತ್ತೀಯ. ಅಪ್ಪ ನಮ್ಮವ್ವನಿಗೆ ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ನಿನ್ನ ಬೀದಿ ಸಾಲದು.

ನೀನು ಮಾತ್ರೆ ಸರಿಯಾಗಿ ಹಾಕುತ್ತಿದ್ದೀಯಾ? ಹೇಳು. ಅಯ್ಯೋ ಪಾಪ ಎಂದು ನಡುನಡುವೆ ಬಿಡುತ್ತಿದ್ದೀಯಾ? ನಿನ್ನ ಮೆದುತನ ನನಗೆ ಗೊತ್ತಿಲ್ಲದ್ದಲ್ಲ. ನಾಯಿಬಾಲ ಕೊಳವೆಯಲ್ಲಿರುವವರೆಗೆ ಮಾತ್ರ ನೆಟ್ಟಗಿರುತ್ತದೆ. ನಾಳೆಯಿಂದ ಒಂದು ದಿನವೂ ತಪ್ಪಿಸಬೇಡ.

ಅಕ್ಕ

•

ಜುಲೈ ೨

ಪ್ರೀತಿಯ ಸೂಜಿ,

ನಿನ್ನ ಕಾಗದವಿಲ್ಲ. ಅವನ ಕೆಲಸದ ಕಡೆಯವರೊಬ್ಬರು ನನಗೆ ಫೋನ್ ಮಾಡಿದರು. ಲಿಫ್ಟಿನ ಪೆಟ್ಟಿಗೆ ಜಾರಿ ಕಾಲು ಸಿಕ್ಕಿಕೊಂಡಿತು, ಆಪರೇಷನ್ ಆಗಿದೆ, ಜೀವಕ್ಕೆ ಭಯವಿಲ್ಲ ಎಂದರು. ನಿಮ್ಮ ಫೋನಿಗೆ ಮಾಡಿದರೆ ಯಾರೂ ಎತ್ತುವುದಿಲ್ಲ. ಅನ್ನ ಸೇರುತ್ತಿಲ್ಲ ನನಗೆ.

ಹೇಗಿದ್ದಾನೆ? ನಾನು ಬರಲೇ? ಆಸ್ಪತ್ರೆಗೆ ಸೇರಿಸಿದ ತಕ್ಷಣ ಮಾತ್ರೆಯ ವಿಷಯ ಅವರಿಗೆ ಹೇಳಿದೆಯಾ? ನೋವಿನ ಇಂಜೆಕ್ಷನ್ ಕೊಡುವ ಮೊದಲೇ ಹೇಳಿದೆ ತಾನೇ? ಎರಡು ಸಾಲು ಬರೆ.

ಅಕ್ಕ

•

ಜುಲೈ ೨೦

ಅಕ್ಕನವರಿಗೆ,

ನೀವು ಬರೆದ ಕೊನೆಯ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ನೋವಿನ ಇಂಜೆಕ್ಷನ್ ಕೊಡುವ ಮೊದಲೇ ಹೇಳಬೇಕು ಎಂಬುದು ನಿಮಗೆ ಗೊತ್ತಿತ್ತು. ಹಾಗಾದರೆ ಆವತ್ತು ಏನಾಯಿತೆಂದು ನಿಮಗೂ ಗೊತ್ತಾಗಬೇಕು.

ನಾನು ಹೋಗುವ ಹೊತ್ತಿಗೆ ಅವರನ್ನು ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಮೊಣಕಾಲಿನಿಂದ ಕೆಳಗೆ ನೋಡುವ ಹಾಗಿರಲಿಲ್ಲ. ನರ್ಸಮ್ಮ ಕೇಳಿದರು: "ದಿನಾ ಯಾವ್ದಾದ್ರೂ ಮಾತ್ರೆ ತಗೋತೀರಾ?" ಅಷ್ಟು ನೋವಿನಲ್ಲೂ ಅವರು ತಲೆಯೆತ್ತಿ, "ಇಲ್ಲ ಸಿಸ್ಟರ್. ಮುಂಚೆ ಒಂದು ತಗೋತಿದ್ದೆ. ಬಿಟ್ಟು ತುಂಬಾ ದಿನ ಆಯ್ತು" ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ನಾನು ಅವರ ಹರಿದ ಅಂಗಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಜೂಜಿನ ಮಾತ್ರೆಗೂ ಮುರಿದ ಕಾಲಿಗೂ ಏನು ಸಂಬಂಧ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಆ ಹೆಮ್ಮೆಯ ಮೇಲೆ ನೀರು ಸುರಿಯಲು ಮನಸ್ಸಾಗಲಿಲ್ಲ.

ಇಂಜೆಕ್ಷನ್ ಕೊಟ್ಟರು. ಏನೂ ಆಗಲಿಲ್ಲ. ಮತ್ತೆ ಕೊಟ್ಟರು. ಅವರು ಕಿರುಚುತ್ತಿದ್ದರು. ಅಕ್ಕಪಕ್ಕದ ಮಂಚದವರು ಕಿವಿ ಮುಚ್ಚಿಕೊಂಡರು. ಒಬ್ಬ ಡಾಕ್ಟರು ನನ್ನನ್ನು ಹೊರಗೆ ಕರೆದು, "ನಿಜ ಹೇಳಮ್ಮಾ, ಇವರಿಗೆ ಮಾದಕ ಪದಾರ್ಥದ ಅಭ್ಯಾಸ ಇದೆಯಾ? ಇಷ್ಟು ಕೊಟ್ರೂ ನೋವು ಇಳೀತಿಲ್ಲ" ಎಂದರು. ನನ್ನ ಗಂಡನ ಬಗ್ಗೆ ಹಾಗೆ ಕೇಳಿದಾಗ ನನಗೆ ಹಳೆಯ ಡಾಕ್ಟರ ಮಾತು ನೆನಪಾಯಿತು, ಅಡ್ಡ ನಿಲ್ಲತ್ತೆ ಅಂದಿದ್ದರಲ್ಲ. ಆಗ ಹೇಳಿದೆ.

ಡಾಕ್ಟರು ಹಣೆ ಹಿಡಿದುಕೊಂಡರು. "ಆ ಜುಮ್ ಅನ್ನೋದು ಯಾವ ಬಾಗಿಲಿಂದ ಒಳಗೆ ಹೋಗತ್ತೋ ನಮ್ಮ ಇಂಜೆಕ್ಷನ್ನೂ ಅದೇ ಬಾಗಿಲಿಂದ ಹೋಗ್ಬೇಕಮ್ಮಾ. ನೀವು ಬೀಗ ಹಾಕಿಟ್ಟಿದ್ದೀರಿ. ಇದನ್ನ ತಗೊಳ್ಳೋರು ಜೇಬಲ್ಲಿ 'ಈ ಮಾತ್ರೆ ತಗೋತೀನಿ' ಅಂತ ಒಂದು ಚೀಟಿ ಇಟ್ಕೊಂಡಿರ್ಬೇಕು. ಯಾರೂ ಹೇಳ್ಲಿಲ್ವಾ?" ಎಂದರು. ನಿಮ್ಮ ತಮ್ಮ ತಾವೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಆ ಚೀಟಿ ಅವರ ಪರ್ಸಿನಲ್ಲಿ ಇತ್ತಂತೆ. ನಾನು ನೋಡಿರಲಿಲ್ಲ. ಮಾತ್ರೆ ಬಿಟ್ಟ ದಿನ ಹರಿದು ಹಾಕಿದರಂತೆ.

ಡಾಕ್ಟರು ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಆ ಇಂಜೆಕ್ಷನ್ ಬೇಡ, ಬೇರೆ ದಾರಿ ನೋಡಿ. ಹೆಂಡತಿ ಕಾಫೀಲಿ ಮಾತ್ರೆ ಹಾಕಿ ಕೊಡ್ತಿದ್ದಾರೆ. ಇವತ್ತು ಬೆಳಿಗ್ಗೆನೂ."

ಅವರ ಕಿರುಚಾಟ ನಿಂತಿತು. ನೋವು ನಿಂತು ಅಲ್ಲ. ನನ್ನನ್ನು ನೋಡಿದರು. ಆಮೇಲೆ ಕಾಲನ್ನಷ್ಟೇ ಮರಗಟ್ಟಿಸಿ ಆಪರೇಷನ್ ಮಾಡಿದರು. ಅಲ್ಲಿಯವರೆಗೂ ಅವರು ಹಲ್ಲು ಕಚ್ಚಿಕೊಂಡು ಮಲಗಿದ್ದರು. ನನ್ನೆದುರು ಒಂದು ಸದ್ದನ್ನೂ ಮಾಡಲಿಲ್ಲ.

ಇನ್ನೊಂದು ವಿಷಯ. ಮಾರ್ಚ್ ನಡುವಿನಲ್ಲೇ ನಾನು ಮಾತ್ರೆ ಹಾಕುವುದನ್ನು ಬಿಟ್ಟಿದ್ದೆ. ಕೂಟದಲ್ಲಿ ಆಡಿದ ಮಾತನ್ನು ಅವರು ಮನೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಕೇಳುತ್ತಾ ಅವರಿಗೆ ಆ ಕಾಫಿ ಕೊಡಲು ನನ್ನಿಂದ ಆಗಲಿಲ್ಲ. ನಿಮಗೆ ಸುಳ್ಳು ಬರೆದೆ. ನಿಮ್ಮ ಜೂನ್ ತಿಂಗಳ ಕಾಗದ ಬರುವವರೆಗೂ ಅವರ ಕಾಫಿಯಲ್ಲಿ ಕಾಫಿ ಬಿಟ್ಟು ಏನೂ ಇರಲಿಲ್ಲ. ಆ ದಿನಗಳಲ್ಲೂ ಅವರು ಆಡಲಿಲ್ಲ. ನಾನು ಹೆದರಿ ಮತ್ತೆ ಶುರು ಮಾಡಿದೆ.

ಬಾಜಿ ಅಂಗಡಿಗೆ ಅವರು ಯಾಕೆ ಹೋಗಿದ್ದರೆಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಗೊತ್ತಾಯಿತು. ಅವರ ಕೂಟದ ಟ್ಯಾಕ್ಸಿ ಡ್ರೈವರೊಬ್ಬರು ನೋಡಲು ಬಂದಿದ್ದರು. "ಅವತ್ತು ನಾನು ಮತ್ತೆ ಜಾರಿ ಒಳಗೆ ಕೂತಿದ್ದೆ ತಾಯಿ. ಇವರೇ ಬಂದು ಕೊರಳಪಟ್ಟಿ ಹಿಡ್ಕೊಂಡು ಎಳೆದು ತಂದ್ರು. ಯಾರಿಗೂ ಹೇಳ್ಬೇಡಿ ಅಂತ ಬೇಡ್ಕೊಂಡಿದ್ದೆ" ಎಂದರು.

ನಾನು ಕೇಳಿಬಿಡಲೇ ಎಂದು ಬರೆದಿದ್ದೆ. ಕೇಳಬೇಡ ಎಂದು ಬರೆದಿರಿ.

ಮಾತ್ರೆ ಎಲ್ಲಿಂದ ಬಂತೆಂದು ಆಸ್ಪತ್ರೆಯವರು ಕೇಳಿದರು. ಹೇಳಿದ್ದೇನೆ.

•

ಆಗಸ್ಟ್ ೧೪

ತಂಗಿ,

ನನಗೆ ಗೊತ್ತಿತ್ತು. ಆ ಎಚ್ಚರಿಕೆಯನ್ನು ದಿನಕ್ಕೆ ಎಷ್ಟೋ ಜನಕ್ಕೆ ಕಿಟಕಿಯಿಂದ ಬಗ್ಗಿ ಹೇಳುತ್ತಿದ್ದವಳು ನಾನು. ನಿನಗೆ ಹೇಳಿದ್ದರೆ ನೀನು ಹೆದರಿ ಹಾಕುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಕಾಲು ಮುರಿಯುತ್ತದೆ ಎಂದು ಯಾರು ಕನಸು ಕಂಡಿದ್ದರು?

ವಿಚಾರಣೆ ಬಂತು. ನನ್ನ ಕೆಲಸ ಹೋಯಿತು. ನೀನು ಹೇಳಿದ್ದು ತಪ್ಪಲ್ಲ, ಆದರೆ ಅಷ್ಟು ಬೇಗ ನೆನಪಾದ ನನ್ನ ಹೆಸರು ಆ ಮಂಚದ ಪಕ್ಕ ನಿಂತಾಗ ಯಾಕೆ ನೆನಪಾಗಲಿಲ್ಲ ಎಂದು ಕೇಳಬೇಕೆನಿಸುತ್ತದೆ. ನರ್ಸು ಕೇಳಿದಾಗಲೇ ಬಾಯಿ ಬಿಟ್ಟಿದ್ದರೆ ಅವನು ಅಷ್ಟು ಹೊತ್ತು ನರಳಬೇಕಿರಲಿಲ್ಲ. ನಾನು ಮುಚ್ಚಿಟ್ಟದ್ದು ನಿನ್ನಿಂದ. ನೀನು ಮುಚ್ಚಿಟ್ಟದ್ದು ನಮ್ಮಿಬ್ಬರಿಂದಲೂ.

ಅವನು ನನ್ನ ಫೋನ್ ಎತ್ತುವುದಿಲ್ಲ. ಬಂದು ಕಾಲು ಹಿಡಿಯಲೇ?

ಅಕ್ಕ

•

ಸೆಪ್ಟೆಂಬರ್ ೨೨

ಅಕ್ಕನವರಿಗೆ,

ಕಾಲು ಹಿಡಿಯುವುದೇನೂ ಬೇಡ. ಒಂದು ಕಾಲಿಗೆ ಇನ್ನೂ ಪಟ್ಟಿಯಿದೆ.

ಮನೆಗೆ ಬಂದ ಮೇಲೆ ಅವರು ನಾನು ಕೊಟ್ಟದ್ದನ್ನು ಮುಟ್ಟಲಿಲ್ಲ. ಊರುಗೋಲು ಊರಿಕೊಂಡು ಅಡುಗೆಮನೆಗೆ ಬಂದು, ತಾವೇ ಒಲೆ ಹಚ್ಚಿ, ತಾವೇ ಬೇಯಿಸಿಕೊಂಡರು. ನೀರಿನ ಲೋಟವನ್ನೂ ತೊಳೆದು ಕುಡಿಯುತ್ತಿದ್ದರು. ಒಂದೇ ಮಂಚ, ಒಂದೇ ದೀಪ, ಮಾತಿಲ್ಲ. ಕೊನೆಗೆ ನಾನೇ ಜಗಳ ತೆಗೆದೆ. ಬೈಯಿರಿ, ಹೊಡೆಯಿರಿ, ಏನಾದರೂ ಅನ್ನಿ ಎಂದೆ.

"ಏನನ್ಲಿ? ಅಷ್ಟು ಜನದ ಮುಂದೆ ಎದ್ದು ನಿಂತು ನಾನೇ ಗೆದ್ದೆ ಅಂದೆನಲ್ಲ. ನೀನು ಒಲೆ ಮುಂದೆ ನಿಂತು ನಗ್ತಿದ್ಯಾ?"

ನಗಲಿಲ್ಲ ಎಂದೆ. ಮಾರ್ಚಿನಿಂದ ಜೂನ್‌ವರೆಗೆ ಏನೂ ಹಾಕಿರಲಿಲ್ಲ, ಆಗ ನಿಂತವರು ನೀವೇ ಎಂದೆ. ಆಣೆ ಮಾಡಿದೆ.

"ಕಾಫಿ ಯಾಕೆ ಕಹಿ ಅಂದಾಗ ಪುಡಿ ಗಡುಸು ಅಂದೆ. ಆಗ್ಲೂ ನಿನ್ನ ಮುಖ ಹೀಗೇ ಇತ್ತು" ಎಂದರು.

ಮರುದಿನ ಹೋದರು. ರಿಪೇರಿ ಶೆಡ್ಡಿನ ಹಿಂದೆ ಒಂದು ಕೋಣೆಯಿದೆ, ಅಲ್ಲಿದ್ದಾರೆ. ಕೂಟಕ್ಕೂ ಹೋಗುತ್ತಿಲ್ಲವಂತೆ. ಡಾಕ್ಟರ ಬಳಿ ಹೋಗಿ ಅದೇ ಮಾತ್ರೆ ಮತ್ತೆ ಬರೆಸಿಕೊಂಡಿದ್ದಾರೆ. ಕಾಲಿನ ನೋವಿನ ಔಷಧವೆಲ್ಲ ಮುಗಿಯುವವರೆಗೆ ಕಾದು, ರಕ್ತ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಾಗಿ, ಹೊಸ ಚೀಟಿಯ ಸಮೇತ. ಟ್ಯಾಕ್ಸಿಯವರು ಯಾಕೆ ಎಂದು ಕೇಳಿದ್ದಕ್ಕೆ, "ನಾನು ನಿಲ್ಲೋನೋ ಬೀಳೋನೋ ಈಗ ನನಗೇ ಗೊತ್ತಿಲ್ಲ" ಎಂದರಂತೆ.

ನಿಮಗೆ ಇನ್ನು ಬರೆಯಬಾರದೆಂದು ಇದ್ದೆ. ಒಂದೇ ಕಾರಣಕ್ಕೆ ಬರೆಯುತ್ತಿದ್ದೇನೆ. ಆ ಮೂರು ತಿಂಗಳು ನಿಜ. ನನ್ನ ಮಾತನ್ನು ಅವರು ನಂಬುವುದಿಲ್ಲ. ನೀವು ಅವರನ್ನು ಎತ್ತಿ ಆಡಿಸಿದವರು. ನೀವು ಹೇಳಿದರೆ ನಂಬಬಹುದು. ನನ್ನ ಹತ್ತಿರ ವಾಪಸು ಬಾ ಎಂದು ಹೇಳಬೇಡಿ. ಅದನ್ನು ಮಾತ್ರ ಹೇಳಿ.

•

ಅಕ್ಟೋಬರ್ ೩೦

ತಂಗಿ,

ಹೋಗಿದ್ದೆ. ನಿನ್ನ ಬೀದಿಯನ್ನು ದಾಟಿಯೇ ಹೋದೆ, ಅಂಗಡಿಯ ಕಡೆ ಬರಲು ಮುಖವಿರಲಿಲ್ಲ.

ಶೆಡ್ಡಿನಲ್ಲಿ ಉದ್ದದ ಮೇಜಿನ ಮುಂದೆ ಕೂತಿದ್ದ. ಈಗ ಮೇಲೆ ಹತ್ತುವ ಕೆಲಸವಿಲ್ಲವಂತೆ, ಲಿಫ್ಟಿನ ಗುಂಡಿ ಫಲಕಗಳನ್ನು ಬಿಚ್ಚಿ ಸರಿಮಾಡುತ್ತಾನೆ. "ಬಂದ್ಯಾ" ಎಂದ. ಕೂತ್ಕೋ ಅನ್ನಲಿಲ್ಲ. ನಾನೇ ಒಂದು ಡಬ್ಬ ಎಳೆದುಕೊಂಡು ಕೂತೆ. ಎಲ್ಲ ನನ್ನದೇ ಯೋಚನೆ, ಅವಳು ಹಿಂಜರಿದಿದ್ದಳು, ಎಚ್ಚರಿಕೆ ಹೇಳದೆ ಮುಚ್ಚಿಟ್ಟವಳೂ ನಾನೇ ಎಂದೆ.

"ಗೊತ್ತು" ಎಂದ. ಸ್ಕ್ರೂ ತಿರುಗಿಸುತ್ತಲೇ ಇದ್ದ. ಆಮೇಲೆ ಅವನೇ ಕೇಳಿದ, ತಲೆಯೆತ್ತದೆ:

"ಅಕ್ಕಾ, ಆ ಮೂರು ತಿಂಗಳು. ಅವಳು ಏನೂ ಹಾಕಿರ್ಲಿಲ್ಲ ಅಂತಾಳೆ. ಹೌದಾ?"

"ಹೌದು ಕಣೋ. ಆಗ ನಿಂತಿದ್ದು ನೀನೇ. ಪೂರ್ತಿ ನೀನೇ."

ಅವನ ಕೈ ನಿಂತಿತು. ನನ್ನ ಮುಖ ನೋಡಿದ. ಆಸ್ಪತ್ರೆಯಿಂದ ಬಂದ ಮೇಲೆ ಅವನ ಕಣ್ಣಿನಲ್ಲಿ ಏನುಳಿದಿದೆ ಎಂದು ನನಗೆ ಗೊತ್ತಿಲ್ಲ, ಆದರೆ ಆ ಕ್ಷಣ ಅವನು ನಂಬಲು ಸಿದ್ಧನಾಗಿದ್ದ. ಅದನ್ನು ನಾನು ಕಂಡೆ.

"ನಿನಗೆ ಹೇಗೆ ಗೊತ್ತು?" ಎಂದ.

ರೈಲಿನಲ್ಲಿ ಬರುವಾಗಲೇ ಒಂದು ಉತ್ತರ ಕಟ್ಟಿಕೊಂಡಿದ್ದೆ. ಉಳಿದ ಮಾತ್ರೆಗಳನ್ನು ಅವಳು ನನಗೆ ವಾಪಸು ಕಳಿಸಿದ್ದಳು, ನಾನೇ ಕಣ್ಣಾರೆ ನೋಡಿದೆ, ಎಂದು. ನಾಲಿಗೆಯ ತುದಿಯವರೆಗೆ ಬಂತು. ಇವನಿಗೆ ಇನ್ನೊಂದು ಸುಳ್ಳು ಬೇಡ ಅನ್ನಿಸಿತು. ಅದನ್ನು ನುಂಗಿಕೊಂಡು, ಇದ್ದದ್ದನ್ನು ಹೇಳಿದೆ.

"ಅವಳೇ ಬರೆದ್ಲು."

ಸುಳ್ಳು ಹೇಳಿದ್ದರೆ ನಂಬುತ್ತಿದ್ದನೇನೋ. ಅವನು ನಕ್ಕ.

"ಅವಳೇ ಬರೆದ್ಲಾ" ಎಂದು ಮತ್ತೆ ಸ್ಕ್ರೂ ತಿರುಗಿಸತೊಡಗಿದ.

ಅಕ್ಕ